ಪೂಜೆಗಿಟ್ಟ ಫೋನು

ಬಸವನಗುಡಿ
11 ಅಕ್ಟೋಬರ್ 2025

ಚಿ. ಸೌ. ಚೈತನ್ಯಾಳಿಗೆ ಆಶೀರ್ವಾದಗಳು.

ಈ ಕಾಗದ ನೋಡಿ ನಿನಗೆ ನಗು ಬರಬಹುದು, ಸಿಟ್ಟೂ ಬರಬಹುದು. ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಅಂಚೆ! ನಾನೇನು ಮಾಡಲಿ? ಆಸ್ಪತ್ರೆಯಲ್ಲಿ ನೀನೇ ಹೇಳಿದೆ, "ಅತ್ತೆ, ಫೋನಲ್ಲಿ ನಿಮ್ಮ ಹತ್ರ ಮಾತಾಡೋಕೆ ನನ್ನ ಕೈಲಿ ಆಗಲ್ಲ, ಮಾಡ್ಬೇಡಿ" ಅಂತ. ಸರಿ, ಮಾಡಲಿಲ್ಲ. ಆದರೆ ಸುಮ್ಮನಿರುವುದು ನನಗೆ ಬಾರದ ವಿದ್ಯೆ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳಿಗೆ ಹೇಳಬೇಕಾದ್ದನ್ನು ಹೇಳದೆ ಊಟ ಸೇರುವುದಿಲ್ಲ.

ವಂಶಿಯನ್ನು ಕೇಳಿದರೆ "ಹಾಗೇ ಇದಾರಮ್ಮ" ಅನ್ನುತ್ತಾನೆ. ಹೆಂಡತಿಯ ಅಪ್ಪ ಪಾರ್ಶ್ವವಾಯು ಬಡಿದು ಮಲಗಿದ್ದಾರೆ, ಮಗರಾಯ ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ನೀನೇ ನಾಲ್ಕು ಸಾಲು ಬರೆ. ಕೈ ಆಡುತ್ತಿದೆಯೇ? ಮಾತು ಬಂತೇ? ನಿಮ್ಮಮ್ಮ ಅಲಮೇಲು ಊಟ ಸರಿಯಾಗಿ ಮಾಡುತ್ತಿದ್ದಾರೆಯೇ?

ಇಲ್ಲಿ ಎಲ್ಲ ಕ್ರಮವಾಗಿದೆ. ನಡುಮನೆಯ ಶೋಕೇಸಿನಲ್ಲಿ ಅವರವರ ಫೋನು ಅವರವರ ಜಾಗದಲ್ಲಿ ಚಾರ್ಜ್ ಆಗುತ್ತಿದೆ. ಟ್ಯಾಬು, ಪವರ್ ಬ್ಯಾಂಕು, ಬಿಪಿ ಮೆಷಿನ್ನು, ಎಮರ್ಜೆನ್ಸಿ ಲ್ಯಾಂಪು, ಎಲ್ಲಕ್ಕೂ ಚೀಟಿ ಅಂಟಿಸಿದ್ದು ಅಂಟಿಸಿದ ಹಾಗೇ ಇದೆ. ನಿನ್ನ ಮಾವ ಮಾತ್ರ ಸೊಳ್ಳೆ ಬ್ಯಾಟಿನ ಜಾಗದಲ್ಲಿ ಟ್ರಿಮ್ಮರ್ ಸಿಕ್ಕಿಸಿ ನನ್ನ ಕೈಲಿ ಬೈಸಿಕೊಂಡರು. ಮೊದಲು ಈ ಮನೆ ಹೇಗಿತ್ತು ಅಂತ ನೀನೂ ಕಂಡವಳೇ. ದಿಂಬಿನ ಕೆಳಗೆ ಫೋನು, ಮಿಕ್ಸಿ ಪಕ್ಕ ಟ್ಯಾಬು, ಬೆಳಗಾದರೆ "ನನ್ನ ಚಾರ್ಜರ್ ಯಾರು ತಗೊಂಡ್ರು" ಅಂತ ಕುರುಕ್ಷೇತ್ರ. ರಾತ್ರಿ ಊಟದ ಮೇಲೆ ಎಲ್ಲ ಶೋಕೇಸಿಗೆ ಅಂತ ನಾನು ನಿಯಮ ಮಾಡಿದಾಗ ಮೊದಲು ಶಹಬ್ಬಾಸ್ ಅಂದವಳು ನೀನು.

ಈಗ ಆ ದಿನದ ಮಾತು. ಬೇರೆ ವರ್ಷ ಆಯುಧಪೂಜೆಗೆ ಒಂದೊಂದನ್ನೂ ಹುಡುಕಿ ತಂದು ಜೋಡಿಸಬೇಕಿತ್ತು. ಈ ಸಲ ಎಲ್ಲ ಒಂದೇ ಕಡೆ ಇದ್ದವು. ಆಫ್ ಮಾಡಿ, ಗಂಧ ಕುಂಕುಮ ಇಟ್ಟು, ಹೂವು ಏರಿಸಿ ಶೋಕೇಸಿನ ಬಾಗಿಲು ಮುಚ್ಚಿದೆ. ಪೂಜೆಗಿಟ್ಟದ್ದನ್ನು ಮಾರನೆಯ ದಿನ ವಿಜಯದಶಮಿಯ ಮರುಪೂಜೆ ಆಗುವವರೆಗೆ ಮುಟ್ಟಬಾರದು ಅನ್ನುವುದು ನಾನು ಹುಟ್ಟಿಸಿದ ಕಾನೂನಲ್ಲ. ನಮ್ಮಮ್ಮನ ಮನೆಯಲ್ಲಿ ಪುಸ್ತಕ, ಪಿಟೀಲು, ಹೊಲಿಗೆ ಮೆಷಿನ್ನು ಎಲ್ಲಕ್ಕೂ ಅದೇ. ನಿಮ್ಮ ಮನೆಯಲ್ಲೂ ಅದೇ ಅಂದುಕೊಂಡಿದ್ದೇನೆ. ಮಧ್ಯಾಹ್ನ ನೀನು ಬಂದು "ಅತ್ತೆ, ಅಪ್ಪಂಗೆ ಹಬ್ಬದ ನಮಸ್ಕಾರ ಹೇಳ್ಬೇಕು, ಒಂದ್ಸಲ ಆನ್ ಮಾಡ್ಲಾ?" ಅಂದೆ. ನಾಳೆ ಹೇಳಿದರಾಯಿತು ಅಂದೆ ನಾನು. ಅದೇ ಹೊತ್ತಿಗೆ ಅಲ್ಲಿ ನಿಮ್ಮಪ್ಪ ಬೀಳುತ್ತಾರೆ ಅಂತ ಯಾರಿಗೆ ಗೊತ್ತಿತ್ತು?

ಪುಳಿಯೋಗರೆ ಗೊಜ್ಜು ಮಾಡಿದ್ದೇನೆ. ವಂಶಿಯ ಕೈಲಿ ಕಳಿಸುತ್ತೇನೆ.

ನಿನ್ನ ಅತ್ತೆ,
ಆಂಡಾಳ್


ಮಲ್ಲೇಶ್ವರ
18 ಅಕ್ಟೋಬರ್ 2025

ಅತ್ತೆಯವರಿಗೆ ನಮಸ್ಕಾರ.

ಕಾಗದ ಬಂತು. ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಅಪ್ಪನ ಬಲಗೈ, ಬಲಗಾಲು ಆಡುತ್ತಿಲ್ಲ. ಮಾತು ಒಂದೇ ಒಂದು ಉಳಿದಿದೆ, "ಆಯ್ತು" ಅಂತ. ನೀರು ಬೇಕಾದರೂ ಆಯ್ತು, ನೋವಾದರೂ ಆಯ್ತು, ಫಿಸಿಯೋದವರು ಬಂದು ಕಾಲು ಎತ್ತಿದರೂ ಆಯ್ತು. ಯಾವ ಆಯ್ತು ಯಾವುದು ಅಂತ ಅವರ ಕಣ್ಣು ನೋಡಿ ಕಂಡುಹಿಡಿಯಬೇಕು. ಎಷ್ಟೋ ಸಲ ತಪ್ಪು ಕಂಡುಹಿಡಿಯುತ್ತೇವೆ, ಅವರು ಮುಖ ಗೋಡೆಗೆ ತಿರುಗಿಸಿಬಿಡುತ್ತಾರೆ.

ಯಾರಿಗೆ ಗೊತ್ತಿತ್ತು ಅಂತ ಕೇಳಿದ್ದೀರಿ. ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಅಲ್ಲವೇ ಮನೆಯಲ್ಲಿ ಫೋನು ಇಟ್ಟುಕೊಳ್ಳುವುದು?

ಆ ದಿನ ಅಪ್ಪ ಊಟ ಮುಗಿಸಿ ಕೈ ತೊಳೆಯುವಾಗ ಬಿದ್ದರು. ಮಹಡಿ ಮೇಲೆ ಅವರಿಬ್ಬರೇ. ಕೆಳಗಿನ ಮನೆಯ ಚಂದ್ರಶೇಖರಯ್ಯನವರು ತಮ್ಮ ಅಂಗಡಿಯ ಪೂಜೆಗೆ ಹೋಗಿದ್ದರು. ಬೀದಿಯಲ್ಲಿ ಕುಂಬಳಕಾಯಿ ಒಡೆಯುವ, ಪಟಾಕಿ ಹಚ್ಚುವ ಗಲಾಟೆ. ಅಮ್ಮ ಬಾಲ್ಕನಿಯಿಂದ ಕೂಗಿದ್ದು ಯಾರಿಗೂ ಕೇಳಲಿಲ್ಲ. ಅಮ್ಮನಿಗೆ ಫೋನಿನಲ್ಲಿ ಬರುವುದು ಒಂದೇ, ಒಂದನೇ ನಂಬರನ್ನು ಒತ್ತಿ ಹಿಡಿದರೆ ನಾನು ಮಾತಾಡುತ್ತೇನೆ ಅನ್ನುವುದು. ಅಪ್ಪ ಟೆಲಿಫೋನ್ ಇಲಾಖೆಯಲ್ಲಿ ಇದ್ದವರು, ಅವರೇ ಹಾಗೆ ಮಾಡಿಕೊಟ್ಟಿದ್ದು. ಸಂಜೆ ಚಂದ್ರಶೇಖರಯ್ಯನವರು ಬಂದು ಅಪ್ಪನನ್ನು ಕಾರಿಗೆ ಹಾಕಿಕೊಳ್ಳುವವರೆಗೆ ಅಮ್ಮ ಅದನ್ನೇ ಒತ್ತುತ್ತಿದ್ದಳು. ಮೊದಲ ಕೆಲವು ಗಂಟೆಗಳೊಳಗೆ ತಂದಿದ್ದರೆ ಒಂದು ಇಂಜೆಕ್ಷನ್ ಇತ್ತು ಅಂದರು ಡಾಕ್ಟರು. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಶೋಕೇಸಿನಲ್ಲಿ ನನ್ನ ಜಾಗಕ್ಕೆ ಬೇರೆ ಏನಾದರೂ ಇಡಿ. ಇಲ್ಲೇ ಹತ್ತಿರದಲ್ಲಿ ಬಾಡಿಗೆಗೆ ಮನೆ ನೋಡೋಣ ಅಂತ ವಂಶಿಗೆ ಹೇಳಿದ್ದೇನೆ. ಗೊಜ್ಜು ಕಳಿಸಬೇಡಿ.

ಚೈತನ್ಯಾ


ಬಸವನಗುಡಿ
27 ಅಕ್ಟೋಬರ್ 2025

ಚಿ. ಸೌ. ಚೈತನ್ಯಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿದ ದಿನ ಒಲೆಯ ಮೇಲೆ ಸಾರು ಉಕ್ಕಿ ಹೋಯಿತು. ಉಕ್ಕಲಿ ಅಂತ ನೋಡುತ್ತಾ ಕೂತಿದ್ದೆ.

ವಾದ ಮಾಡುವುದಿಲ್ಲ. ತಪ್ಪು ನನ್ನದೇ. ಮೊದಲ ಕಾಗದದಲ್ಲಿ ಎಲ್ಲ ಬರೆದು ಇದೊಂದನ್ನು ಬಿಟ್ಟಿದ್ದೆ. ಪೂಜೆಯ ದಿನ ಒಂದು ಮನೆಯ ಎಲ್ಲ ಫೋನೂ ಆಫ್ ಆದರೆ ಆ ಮನೆ ಸತ್ತ ಹಾಗೆ ಅಂತ ನನಗೆ ಹೊಳೆಯಲಿಲ್ಲ. ಹೊಳೆದದ್ದು ಏನು ಗೊತ್ತಾ? ನಾಲ್ಕು ಫೋನು ಒಂದೇ ಸಾಲಿನಲ್ಲಿ, ಒಂದೊಂದಕ್ಕೂ ಒಂದು ಸೇವಂತಿಗೆ, ಎಷ್ಟು ಚೆನ್ನಾಗಿ ಕಾಣುತ್ತಿದೆ ಅಂತ. ಆ ಅಂದ ಕೆಡುತ್ತದೆ ಅಂತ ನಿನಗೆ ನಾಳೆ ಅಂದೆ. ದೇವರ ಹೆಸರು ಸುಮ್ಮನೆ ಹೇಳಿದೆ.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಿಯಮ ತೆಗೆದುಹಾಕಿದೆ. ಎಲ್ಲರೂ ಫೋನು ಮೈಮೇಲೇ ಇಟ್ಟುಕೊಳ್ಳಿ ಅಂದೆ. ನಾನು ಸೆರಗಿನಲ್ಲಿ ಕಟ್ಟಿಕೊಂಡು ಅಡುಗೆ ಮಾಡುತ್ತೇನೆ, ಸ್ನಾನಕ್ಕೂ ಬಕೆಟ್ಟಿನ ಪಕ್ಕ ಸ್ಟೂಲಿನ ಮೇಲೆ ಇಡುತ್ತೇನೆ. ರಿಂಗ್ ಆಗುತ್ತದೋ ಇಲ್ಲವೋ ಅಂತ ನಿನ್ನ ಮಾವನಿಂದ ದಿನಕ್ಕೆ ಹತ್ತು ಸಲ ಮಾಡಿಸಿ ನೋಡುತ್ತೇನೆ. "ಆಂಡಾಳೂ, ನಾನೇ ಎದುರಿಗಿದೀನಲ್ಲೇ, ಏನ್ ಮಾತಾಡ್ಲಿ?" ಅನ್ನುತ್ತಾರೆ ಪಾಪ. ವಾರದಲ್ಲಿ ಮನೆ ಮತ್ತೆ ಸಂತೆಯಾಯಿತು. ತಡೆಯಲಾರದೆ ಎಲ್ಲ ಶೋಕೇಸಿಗೆ ಜೋಡಿಸಿದೆ. ಜೋಡಿಸಿದ್ದು ನೋಡಲಾರದೆ ಸಂಜೆಯೇ ತೆಗೆದೆ.

ಮೊನ್ನೆ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯವರೆಗೆ ಬಂದಿದ್ದೆ. ನಿಮ್ಮ ಮನೆಯ ತಿರುವಿನಲ್ಲಿ ಒಂದು ಮೊಳ ಮಲ್ಲಿಗೆ ಕೊಂಡು, ಅದನ್ನು ಕೈಯಲ್ಲೇ ಹಿಡಿದುಕೊಂಡು ವಾಪಸು ಬಂದೆ. ಕರೆದರೆ ಬರುತ್ತೇನೆ. ಕರೆಯದೆ ಬರುವಷ್ಟು ಧೈರ್ಯ ಇಲ್ಲ.

ಬೇರೆ ಮನೆ ಮಾಡಬೇಡಿ ಅಂತ ಹೇಳುವ ಬಾಯಿ ನನಗಿಲ್ಲ. ಮಾಡಿದರೆ ನನಗೆ ಸಂಕಟವಾಗುತ್ತದೆ ಅಂತ ಮಾತ್ರ ಹೇಳುತ್ತೇನೆ.

ಆಂಡಾಳ್


ಮಲ್ಲೇಶ್ವರ
12 ನವೆಂಬರ್ 2025

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಬರೆಯೋಣ ಅಂತ ಕೂತೆ. ಬರೆಯಲಾಗಲಿಲ್ಲ. ಆದ್ದರಿಂದ ಕೆಲಸದ ಮಾತು ಬರೆಯುತ್ತೇನೆ.

ಅಪ್ಪನನ್ನು ಮನೆಗೆ ಕರೆದುಕೊಂಡು ಬಂದೆವು. ಮಂಚದ ಸುತ್ತ ಈಗ ಎಷ್ಟು ವೈರು ಅಂದರೆ ಕಾಲಿಡಲು ಜಾಗವಿಲ್ಲ. ಬೆನ್ನಿಗೆ ಹುಣ್ಣಾಗದಿರಲಿ ಅಂತ ಗಾಳಿ ಹಾಸಿಗೆ, ಅದಕ್ಕೆ ಸದಾ ಗಾಳಿ ತುಂಬುವ ಪಂಪು. ಉಸಿರಿಗೆ ನೆಬ್ಯುಲೈಸರ್, ಕಫ ಎಳೆಯುವ ಮೆಷಿನ್ನು, ಬಿಪಿಯದು, ಎಮರ್ಜೆನ್ಸಿ ಲ್ಯಾಂಪು, ಮೇಲೆ ನಮ್ಮೆಲ್ಲರ ಫೋನು. ಅಮ್ಮ ಎರಡು ಸಲ ಎಡವಿದಳು.

ಹೋದ ವಾರ ಹಾಸಿಗೆ ಪೂರ್ತಿ ಇಳಿದು ಹೋಗಿತ್ತು. ಅಪ್ಪ ಮಧ್ಯಾಹ್ನವೆಲ್ಲ ಮರದ ಹಲಗೆಯ ಮೇಲೆ ಮಲಗಿದ ಹಾಗೆ ಮಲಗಿದ್ದರು. "ಆಯ್ತು, ಆಯ್ತು" ಅನ್ನುತ್ತಲೇ ಇದ್ದರು, ಹಸಿವು ಅಂತ ನಾನು ಗಂಜಿ ಕುಡಿಸಿದೆ. ಸೊಂಟದ ಹತ್ತಿರ ಚರ್ಮ ಕೆಂಪಾಗಿ ಕಿತ್ತು ಬಂದ ಮೇಲೆ ಗೊತ್ತಾಯಿತು. ಪಂಪಿನ ಪ್ಲಗ್ ಯಾರೋ ತೆಗೆದು ಆ ಜಾಗಕ್ಕೆ ಫೋನು ಹಾಕಿದ್ದರು. ಯಾರು ಅಂತ ಮನೆಯೆಲ್ಲ ಕೂಗಾಡಿದೆ. ಆಮೇಲೆ ನೋಡಿದರೆ ಅದು ನನ್ನ ಫೋನು.

ನೀವು ಶೋಕೇಸಿನಲ್ಲಿ ಅಷ್ಟು ವೈರು ಹೇಗೆ ಸಿಕ್ಕಾಗದ ಹಾಗೆ ಕೂರಿಸಿದಿರಿ? ವಂಶಿಯನ್ನು ಕೇಳಿದೆ. "ಅಮ್ಮಂಗೇ ಗೊತ್ತು" ಅಂದರು.

ಬರುವುದು ಬೇಡ. ಬರೆದು ಕಳಿಸಿ, ಸಾಕು.

ಚೈತನ್ಯಾ


ಬಸವನಗುಡಿ
14 ನವೆಂಬರ್ 2025

ಚಿ. ಸೌ. ಚೈತನ್ಯಾಳಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ವಂಶಿ ಕೈಯಲ್ಲೇ ತಂದ. ಇದನ್ನೂ ಅವನ ಕೈಲೇ ಕಳಿಸುತ್ತಿದ್ದೇನೆ, ಅಂಚೆಗೆ ಕಾಯುವ ಕೆಲಸವಲ್ಲ ಇದು. ಇವತ್ತೇ ಮಾಡು.

ಮೊದಲು ಅಪ್ಪನ ಹಾಸಿಗೆ. ಪಂಪನ್ನು ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಲೇಬೇಡ. ಗೋಡೆಯ ಪ್ಲಗ್ಗಿಗೇ ಹಾಕಿ, ಆ ಸ್ವಿಚ್ಚಿನ ಮೇಲೆ ಕೆಂಪು ಟೇಪು ಅಂಟಿಸು. ಕೆಂಪು ಮುಟ್ಟಿದವರಿಗೆ ಮನೆಯಲ್ಲಿ ಊಟವಿಲ್ಲ ಅಂತ ಹೇಳು. ನಿನಗೂ ಸೇರಿ. ಕಫದ ಮೆಷಿನ್ನು ತಲೆಯ ಕಡೆ, ಕೈಗೆಟುಕುವ ಹಾಗೆ, ಅದೂ ಬೇರೆ ಪ್ಲಗ್ಗಿಗೆ. ಇವೆರಡು ಅಪ್ಪನವು. ಇವುಗಳ ಹತ್ತಿರ ಫೋನು ಗೀನು ಸುಳಿಯಕೂಡದು.

ಉಳಿದದ್ದೆಲ್ಲ ಕೋಣೆಯಿಂದ ಆಚೆ. ನಿಮ್ಮ ಮನೆಯ ಊಟದ ಮೇಜಿನ ಹಿಂದೆ ಪುಸ್ತಕದ ಕಪಾಟಿದೆಯಲ್ಲ, ಅದರ ಸೊಂಟದೆತ್ತರದ ಅರೆ ಖಾಲಿ ಮಾಡು. ಎಕ್ಸ್‌ಟೆನ್ಷನ್ ಬಾಕ್ಸನ್ನು ಅರೆಯ ಮೇಲಿಡಬೇಡ, ಹಿಂದಿನ ಹಲಗೆಗೆ ಸ್ಕ್ರೂ ಹಾಕಿ ಕೂರಿಸು. ವೈರುಗಳನ್ನು ಬೇಕಾದಷ್ಟೇ ಉದ್ದ ಬಿಟ್ಟು ಉಳಿದದ್ದು ಸುತ್ತಿ ದಾರ ಕಟ್ಟು, ಬಿಗಿಯಾಗಿ ಬೇಡ. ಚೀಟಿ ಮಾತ್ರ ಎರಡೂ ತುದಿಗೆ ಅಂಟಿಸಬೇಕು. ಎಲ್ಲರೂ ಒಂದೇ ತುದಿಗೆ ಅಂಟಿಸುತ್ತಾರೆ, ಪ್ಲಗ್ ಕೀಳುವಾಗ ಯಾವುದು ಯಾರದು ಅಂತ ತಿಳಿಯುವುದಿಲ್ಲ. ನಿನ್ನ ತಪ್ಪು ಆದದ್ದು ಅಲ್ಲೇ. ಚೀಟಿಗಳನ್ನು ನಾನೇ ಬರೆದು ಇದರ ಜೊತೆ ಇಟ್ಟಿದ್ದೇನೆ. ನಿಮ್ಮಮ್ಮನಿಗೆ ಕನ್ನಡಕವಿಲ್ಲದೆ ಕಾಣಲಿ ಅಂತ ದಪ್ಪ ಅಕ್ಷರದಲ್ಲಿ ಬರೆದೆ.

ಇನ್ನೊಂದು. ಯಾರ ಫೋನಾದರೂ ಒಂದು ಯಾವಾಗಲೂ ಕಪಾಟಿನ ಹೊರಗೆ, ಆನ್ ಆಗಿ, ಯಾರದಾದರೂ ಕೈಯಲ್ಲಿ ಇರಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹುಣ್ಣಿಗೆ ಏನು ಹಚ್ಚುತ್ತಿದ್ದೀರಿ? ಗಾಳಿಯಾಡಲು ಬಿಡಿ. ನಿನ್ನನ್ನು ನೀನು ಬೈದುಕೊಳ್ಳುವುದು ಸಾಕು, ಆ ಕೆಲಸಕ್ಕೆ ಈ ಮನೆಯಲ್ಲಿ ಒಬ್ಬಳು ಇದ್ದಾಳೆ.

ಆಂಡಾಳ್


ಮಲ್ಲೇಶ್ವರ
3 ಡಿಸೆಂಬರ್ 2025

ಅತ್ತೆಗೆ ನಮಸ್ಕಾರ.

ನೀವು ಹೇಳಿದ ಹಾಗೇ ಮಾಡಿದೆವು. ಕಪಾಟಿನ ಅರೆಯಲ್ಲಿ ಎಲ್ಲ ಸಾಲಾಗಿ ಕೂತಿವೆ. ನೆಬ್ಯುಲೈಸರ್ ಮುಗಿದ ಕೂಡಲೇ ಅದರ ಜಾಗಕ್ಕೆ ಹೋಗದಿದ್ದರೆ ಈಗ ನನಗೇ ಮೈ ಉರಿಯುತ್ತದೆ. ಮೊನ್ನೆ ವಂಶಿ ಚಾರ್ಜರ್ ತೆಗೆದು ಸೋಫಾ ಮೇಲೆ ಎಸೆದರು, ನಾನು ಕೊಟ್ಟ ಉಗಿತ ಕೇಳಿ "ಅಮ್ಮನ ಹತ್ರಾನೇ ಇದ್ದ ಹಾಗಿದೆ" ಅಂದರು. ನನಗೆ ನಗು ಬಂತು. ನಕ್ಕದ್ದಕ್ಕೆ ಆಮೇಲೆ ಬೇಜಾರಾಯಿತು.

ಹುಣ್ಣು ಮಾಗುತ್ತಿದೆ. ಅಪ್ಪ ಎಡಗೈಯಲ್ಲಿ ಚಮಚ ಹಿಡಿಯುತ್ತಾರೆ. "ಆಯ್ತು" ಜೊತೆಗೆ "ಬೇಡ" ಅನ್ನುವುದೂ ಬಂದಿದೆ. ಬಂದ ದಿನದಿಂದ ಎಲ್ಲದಕ್ಕೂ ಬೇಡ. ಫಿಸಿಯೋದವರಿಗೆ ಅಂತೂ ಹತ್ತು ಸಲ ಬೇಡ.

ಒಂದು ವಿಷಯ ಯಾರ ಹತ್ತಿರವೂ ಹೇಳಲಾಗದೆ ನಿಮಗೆ ಬರೆಯುತ್ತಿದ್ದೇನೆ. ಅಮ್ಮನದು. ದಿನಾ ಮಧ್ಯಾಹ್ನ ಅಪ್ಪ ಮಲಗಿದ ಮೇಲೆ ಫೋನು ತೆಗೆದುಕೊಂಡು ಬಾಲ್ಕನಿಗೆ ಹೋಗುತ್ತಾಳೆ. ನಾನು ಅಡುಗೆಮನೆಯಲ್ಲಿರುತ್ತೇನೆ, ನನ್ನ ಫೋನು ರಿಂಗ್ ಆಗುತ್ತದೆ. ನೋಡಿದರೆ ಅಮ್ಮ. ಎತ್ತಿದರೆ "ಸರಿಯಾಗಿ ಬಂತಾ?" ಅನ್ನುತ್ತಾಳೆ. ಬಂತಮ್ಮ ಅಂದರೆ ಇಟ್ಟುಬಿಡುತ್ತಾಳೆ. ಸ್ವಲ್ಪ ಹೊತ್ತಿಗೆ ಮತ್ತೆ. ನಿನ್ನೆ ಕೇಳಿಯೇಬಿಟ್ಟೆ, ಯಾಕಮ್ಮ ಹೀಗೆ ಅಂತ. ಅವಳು ಹೇಳಿದ್ದು ಅವಳ ಮಾತಿನಲ್ಲೇ ಬರೆಯುತ್ತೇನೆ.

"ಅವತ್ತು ನಾನೇ ತಪ್ಪಾಗಿ ಒತ್ತಿದೆ ಕಣೇ. ಯಾರೋ ಹೆಂಗಸು ಏನೋ ಹೇಳಿದ್ಲು. ನಿನ್ ಫೋನು ಯಾವತ್ತಾದ್ರೂ ಆಫ್ ಆಗಿರತ್ತಾ? ಬೇರೆ ಎಲ್ಲಿಗೋ ಹೋಗಿತ್ತು ಅದು. ಗಾಬರೀಲಿ ಒಂದು ಬಿಟ್ಟು ಇನ್ನೇನೋ ಒತ್ತಿದೀನಿ. ನೀನು ನನ್ ಮನಸ್ಸು ನೋಯಬಾರ್ದು ಅಂತ ನೆಟ್‌ವರ್ಕು ಅಂತೀಯ."

ನೆಟ್‌ವರ್ಕ್ ಇರಲಿಲ್ಲ ಅಂತ ನಾನು ಆಸ್ಪತ್ರೆಯಲ್ಲಿ ಹೇಳಿಬಿಟ್ಟಿದ್ದೆ. ಪೂಜೆಯ ವಿಷಯ ಅಮ್ಮನಿಗೆ ಗೊತ್ತಿಲ್ಲ. ಅಪ್ಪನಿಗೂ ಗೊತ್ತಿಲ್ಲ.

ಚೈತನ್ಯಾ


ಬಸವನಗುಡಿ
7 ಡಿಸೆಂಬರ್ 2025

ಚೈತನ್ಯಾ,

ಆಶೀರ್ವಾದ ಬರೆಯುವ ತಾಳ್ಮೆಯೂ ಇಲ್ಲ ಇವತ್ತು. ಏನು ಮಾಡಿಬಿಟ್ಟೆಯೇ ನೀನು?

ನಿಮ್ಮಮ್ಮ ಎರಡು ತಿಂಗಳಿಂದ ತನ್ನ ಗಂಡನನ್ನು ತಾನೇ ಹೀಗೆ ಮಾಡಿದೆ ಅಂದುಕೊಂಡು ಅವರಿಗೆ ಗಂಜಿ ಕುಡಿಸುತ್ತಿದ್ದಾರೆ. ನಾನಿಲ್ಲಿ ಮೂರು ಹೊತ್ತೂ ಉಂಡುಕೊಂಡು ಇದ್ದೇನೆ. ನೀನು ನನ್ನನ್ನು ನಾಲ್ಕು ಜನರ ಮುಂದೆ ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಕಾಗದ ಓದಿ ಗಾಂಧಿಬಜಾರಿಗೆ ಹೋದೆ. ಏನು ಕೊಳ್ಳಬೇಕು ಅಂತ ಮರೆತು ವಾಪಸು ಬಂದೆ. ಮತ್ತೆ ಹೋದೆ. ನಿನ್ನ ಮಾವ ಚೀಲ ಇಸಿದುಕೊಂಡು "ಕೂತ್ಕೋ ಆಂಡಾಳೂ" ಅಂದರು. ಅವರಿಗೆ ಎಲ್ಲ ಹೇಳಿದೆ. ಅವರು ಟೀವಿ ಆಫ್ ಮಾಡಿ, "ಅಲಮೇಲಮ್ಮನವರಿಗೆ ಹೇಳ್ಬೇಕಾಗತ್ತೆ" ಅಂದರು. ಅವರು ಇಷ್ಟು ಖಡಾಖಂಡಿತವಾಗಿ ಮಾತಾಡಿದ್ದು ನಾನು ಕೇಳಿಲ್ಲ.

ನಾನು ಬಂದು ಹೇಳುತ್ತೇನೆ. ಎದುರಿಗೆ ಕೂತು ಹೇಳುತ್ತೇನೆ. ಯಾವ ದಿನ ಬರಲಿ ಅಂತ ಮಾತ್ರ ತಿಳಿಸು.

ಆಂಡಾಳ್


ಮಲ್ಲೇಶ್ವರ
13 ಡಿಸೆಂಬರ್ 2025

ಅತ್ತೆಯವರಿಗೆ ನಮಸ್ಕಾರ.

ಬೇಡ. ದಯವಿಟ್ಟು ಬೇಡ.

ಅಮ್ಮನಿಗೆ ನಿಮ್ಮ ಮೇಲೆ ಎಷ್ಟು ಗೌರವ ಅಂತ ನಿಮಗೆ ಗೊತ್ತಿಲ್ಲ. "ಓದಿದೋರು, ಅವರ ಮನೇಲಿ ಪ್ರತಿಯೊಂದಕ್ಕೂ ಒಂದು ಜಾಗ" ಅಂತ ಬಂದವರಿಗೆಲ್ಲ ಹೇಳುತ್ತಾಳೆ. ಕಪಾಟಿನ ಚೀಟಿಗಳನ್ನು ತೋರಿಸಿ ನಮ್ಮ ಬೀಗಿತ್ತಿ ಬರೆದದ್ದು ಅನ್ನುತ್ತಾಳೆ. ಗೊತ್ತಾದರೆ ನಿಮ್ಮ ಮನೆಯಲ್ಲಿ ಒಂದು ಲೋಟ ನೀರು ಮುಟ್ಟುವುದಿಲ್ಲ. ವಂಶಿ ಬಂದರೆ ಒಳಗೆ ಹೋಗಿಬಿಡುತ್ತಾಳೆ. ನಾನು ಎಲ್ಲಿ ನಿಲ್ಲಲಿ?

ಇನ್ನೊಂದು ನಿಜ ಹೇಳುತ್ತೇನೆ. ನೆಟ್‌ವರ್ಕ್ ಅಂದದ್ದು ನಿಮ್ಮನ್ನು ಉಳಿಸುವುದಕ್ಕಲ್ಲ. "ಅತ್ತೆ ನಾಳೆ ಅಂದ್ರೆ ನೀನು ಯಾಕೆ ಸುಮ್ಮನಾದೆ? ಅದು ನಿನ್ ಫೋನಲ್ವಾ?" ಅಂತ ಅಮ್ಮ ಕೇಳುತ್ತಾಳೆ ಅಂತ ಹೆದರಿ ಹೇಳಿದ್ದು. ನಾನು ಕಾಲೇಜಿನಲ್ಲಿ ಪಾಠ ಹೇಳುವವಳು. ಕೈ ಚಾಚಿ ಶೋಕೇಸಿನ ಬಾಗಿಲು ತೆಗೆಯಬಹುದಿತ್ತು. ಹಬ್ಬದ ದಿನ ಯಾಕೆ ಮಾತು ಬೆಳೆಸುವುದು ಅಂತ ಹೋಗಿ ಹೋಳಿಗೆ ತಟ್ಟಿದೆ.

ಹೀಗೇ ಇರಲಿ. ಕಾಲ ಕಳೆದರೆ ಅಮ್ಮ ಮರೆಯುತ್ತಾಳೆ.

ಚೈತನ್ಯಾ


ಬಸವನಗುಡಿ
31 ಡಿಸೆಂಬರ್ 2025

ಸೌ. ಅಲಮೇಲು ಅವರಿಗೆ ಆಂಡಾಳ್ ಮಾಡುವ ನಮಸ್ಕಾರಗಳು.

ಈ ವಿಷಯ ನಿಮಗೆ ಹೇಳಬೇಡಿ ಅಂತ ಚೈತನ್ಯಾ ಬೇಡಿಕೊಂಡಿದ್ದಾಳೆ. ಅವಳ ಮಾತು ಮೀರಿ ಬರೆಯುತ್ತಿದ್ದೇನೆ. ಅದಕ್ಕೆ ಅವಳನ್ನು ಏನೂ ಅನ್ನಬೇಡಿ.

ನಿನ್ನೆ ವೈಕುಂಠ ಏಕಾದಶಿ. ದೇವಸ್ಥಾನದಲ್ಲಿ ಬೆಳಗಿನಿಂದ ಸಾಲು ನಿಂತು ವೈಕುಂಠ ದ್ವಾರದ ಹತ್ತಿರ ಬಂದೆ. ಹಿಂದಿನವರು ನೂಕುತ್ತಿದ್ದರು. ದಾಟಲಾಗಲಿಲ್ಲ. ಸಾಲು ಬಿಟ್ಟು ಹೊರಗೆ ಬಂದುಬಿಟ್ಟೆ.

ಆಯುಧಪೂಜೆಯ ದಿನ ನೀವು ಸರಿಯಾಗಿಯೇ ಒತ್ತಿದ್ದಿರಿ. ಒಂದನೇ ನಂಬರೇ. ಅದು ಚೈತನ್ಯಾಳ ಫೋನಿಗೇ ಬರುತ್ತಿತ್ತು. ಫೋನು ಆಫ್ ಆಗಿತ್ತು. ಆಫ್ ಮಾಡಿದ್ದು ನಾನು. ಮನೆಯ ಎಲ್ಲರ ಫೋನನ್ನೂ ಆಫ್ ಮಾಡಿ ಪೂಜೆಗಿಟ್ಟು, ಮಾರನೆಯ ದಿನದವರೆಗೆ ಯಾರೂ ಮುಟ್ಟಕೂಡದು ಅಂದೆ. ಅಪ್ಪನ ಹತ್ತಿರ ಮಾತಾಡಬೇಕು ಅಂತ ಚೈತನ್ಯಾ ಕೇಳಿದಳು, ನಾನು ಬಿಡಲಿಲ್ಲ. ಎದುರು ಮಾತಾಡದಿರುವ ಹಾಗೆ ಅವಳನ್ನು ಬೆಳೆಸಿದವರು ನೀವು, ಅದರ ಲಾಭ ಪಡೆದವಳು ನಾನು. ನಿಮಗೆ ಕೇಳಿಸಿದ ಹೆಂಗಸಿನ ದನಿ ಕಂಪನಿಯವರದು. ಫೋನು ಆಫ್ ಆಗಿದೆ ಅಂತ ಹೇಳುವ ದನಿ ಅದು. ಎಷ್ಟು ಸಲ ಒತ್ತಿದ್ದರೂ ಅವಳೇ ಮಾತಾಡುತ್ತಿದ್ದಳು.

ನಿಮ್ಮ ಕೈ ತಪ್ಪಿಲ್ಲ. ಅದನ್ನು ಹೇಳಲು ಮೂರು ತಿಂಗಳು ಮಾಡಿದೆ. ಕ್ಷಮಿಸಿ ಅಂತ ಕೇಳಲು ಇದನ್ನು ಬರೆಯಲಿಲ್ಲ. ನೀವು ಏನು ಹೇಳಿದರೂ ಕೇಳುತ್ತೇನೆ, ಏನೂ ಹೇಳದಿದ್ದರೂ ಸರಿ.

ಆಂಡಾಳ್


ಮಲ್ಲೇಶ್ವರ
6 ಜನವರಿ 2026

ಆಂಡಾಳ್ ಅವರಿಗೆ,

ನನಗೆ ನಿಮ್ಮ ಹಾಗೆ ಚೆನ್ನಾಗಿ ಬರೆಯಲು ಬರುವುದಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಿಮ್ಮ ಕಾಗದ ಬಂದಾಗ ಚೈತನ್ಯಾ ಕಾಲೇಜಿಗೆ ಹೋಗಿದ್ದಳು. ಹೊಸವರ್ಷದಿಂದ ಮತ್ತೆ ಹೋಗುತ್ತಿದ್ದಾಳೆ. ನಿಂತುಕೊಂಡೇ ಓದಿದೆ. ಆಮೇಲೆ ಕೂತು ಓದಿದೆ. ಇವರ ಹತ್ತಿರ ಹೋಗಿ "ನೋಡಿ, ನಾನು ಸರಿಯಾಗೇ ಒತ್ತಿದ್ದೆ, ಒಂದೇ ಒತ್ತಿದ್ದೆ" ಅಂದೆ. ಇವರು ನನ್ನನ್ನೇ ನೋಡಿದರು. ಎಡಗೈ ಎತ್ತಿ ನನ್ನ ಬೆರಳು ಹಿಡಿದುಕೊಂಡರು. ನಾನು ಇಷ್ಟು ದಿನದಲ್ಲಿ ಅತ್ತಿರಲಿಲ್ಲ. ಇವರ ಮುಂದೆ ಅಳಬಾರದು ಅಂತ ಇದ್ದೆ. ಅವತ್ತು ಅತ್ತೆ.

ಚೈತನ್ಯಾ ಬಂದು ಕಾಗದ ನೋಡಿ ಬೆಳ್ಳಗಾದಳು. ನೀನು ಯಾಕೆ ಸುಮ್ಮನಾದೆ ಅಂತ ನಾನು ಕೇಳಲಿಲ್ಲ. ನಾನೂ ಅತ್ತೆಯ ಮನೆಯಲ್ಲಿ ಸುಮ್ಮನಿದ್ದವಳೇ. ಆದರೆ ಸುಳ್ಳು ಹೇಳಿದ್ದಕ್ಕೆ ಚೆನ್ನಾಗಿ ಬೈದೆ. ನನ್ನ ಕೈಯನ್ನು ನಾನು ಎಷ್ಟು ಶಪಿಸಿಕೊಂಡೆ ಅಂತ ಅವಳಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅನ್ನ ಕಲಸುವಾಗಲೂ ಇದೇ ಕೈಯಲ್ಲವೇ ಅನ್ನಿಸುತ್ತಿತ್ತು. ಕುಂಕುಮ ಇಟ್ಟುಕೊಳ್ಳುವಾಗಲೂ ಅನ್ನಿಸುತ್ತಿತ್ತು.

ನಿಮ್ಮ ಮೇಲೆ ನನಗೆ ಬಹಳ ಸಿಟ್ಟು ಬಂದಿದೆ. ಪೂಜೆಗೆ ಅಂತ ಮನೆಯವರ ಫೋನನ್ನೆಲ್ಲ ಆಫ್ ಮಾಡುತ್ತಾರೇನ್ರೀ ಯಾರಾದರೂ? ನಮ್ಮ ಮನೆಯಲ್ಲೂ ಅವತ್ತು ಪೂಜೆ ಮಾಡಿದೆವು. ಫೋನಿಗೆ ಕುಂಕುಮ ಇಟ್ಟು ಮತ್ತೆ ಕೈಗೆ ತೆಗೆದುಕೊಂಡೆವು. ಅಷ್ಟು ಓದಿದವರು ನೀವು. ಇದನ್ನೆಲ್ಲ ಬರೆಯುತ್ತಾ ಹೋದರೆ ನನ್ನ ಹತ್ತಿರ ಕಾಗದ ಸಾಲುವುದಿಲ್ಲ. ಬರೆದರೆ ನನಗೆ ಸಮಾಧಾನವೂ ಆಗುವುದಿಲ್ಲ. ನಿಮ್ಮನ್ನು ಬಾಯಿ ತುಂಬ ಬೈಯಬೇಕು. ಅದಕ್ಕೆ ನೀವು ಎದುರಿಗೆ ಇರಬೇಕು.

ಭಾನುವಾರ ಬನ್ನಿ. ಊಟಕ್ಕೇ ಬನ್ನಿ.

ಅಲಮೇಲು